ಕಂಪನಿಯವರು ಅಮ್ಮಂದಿರ ಕಾರ್ಯಕ್ರಮಕ್ಕೆ ಕರೆದಿದ್ದಾರೆ, ಮಗುವನ್ನೂ ಕರ್ಕೊಂಡು ಬನ್ನಿ ಅಂತಾರೆ. ಹೋಗಬಹುದಾ? ಹೋದರೆ ಹೊಗಳಿಯೇ ಬರೀಬೇಕಾ?

ಹೋಗಬಹುದು. ಆದರೆ ಅವರು ಮಾರುವುದು ಎಂತ ಅಂತ ಮೊದಲು ಕೇಳಿ. ನಾನು ಅದೊಂದು ಬಿಟ್ಟು ಬಾಕಿ ಎಲ್ಲ ಕೇಳಿದ್ದೆ. ಊಟ ಉಂಟಾ, ಮಗು ಮಲಗಿಸಲಿಕ್ಕೆ ಜಾಗ ಉಂಟಾ, ಎಷ್ಟು ಹೊತ್ತಿಗೆ ಬಿಡ್ತೀರಿ, ಹೀಗೆ.

ನಾನು ಉಡುಪಿಯವಳು. ಮಗುವಿನ ಊಟ, ನಿದ್ದೆ, ಹಟ ಅಂತ ಬ್ಲಾಗಿನಲ್ಲಿ ಬರೀತಿದ್ದೆ. ಮಗಳಿಗೆ ಹನ್ನೊಂದು ತಿಂಗಳಿರುವಾಗ ಫೋನ್ ಬಂತು, ಮಂಗಳೂರಿನ ಹೋಟೆಲಲ್ಲಿ ಅಮ್ಮಂದಿರೆಲ್ಲ ಸೇರುವುದು ಅಂತ. ಕಾರು ಕಳಿಸ್ತೇವೆ ಅಂದರು, ಯಾಕೋ ಋಣ ಅನಿಸಿ ಬೇಡ ಅಂದೆ. ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೊರಟೆವು. ಪಡುಬಿದ್ರಿಯವರೆಗೆ ಒಳ್ಳೇ ನಿದ್ದೆ, ಸುರತ್ಕಲ್‌ನಲ್ಲಿ ಎದ್ದಳು, ಕೊಟ್ಟಾರ ಚೌಕಿ ಬರುವಷ್ಟರಲ್ಲಿ ನನ್ನ ಚೂಡಿದಾರದ ಮೇಲೆ ಪೂರ್ತಿ ವಾಂತಿ. ಅವಳಿಗೆ ಮೂರು ಜೊತೆ ಬಟ್ಟೆ ತಂದಿದ್ದೆ, ನನಗೆ ಒಂದೂ ಇಲ್ಲ. ಒದ್ದೆ ವೇಲ್ ಹೊದ್ದುಕೊಂಡೇ ಏಸಿ ಹಾಲಿನಲ್ಲಿ ಕೂತೆ.

ಹಾಲ್ ತುಂಬ ಬಲೂನು, ಪರದೆ ತುಂಬ ಗುಂಡುಗುಂಡಾದ ಮಕ್ಕಳು. ಒಬ್ಬರು ಮೇಡಂ ಅರ್ಧ ಗಂಟೆ ಮಾತಾಡಿದರು. ರಾಗಿ ಮಣ್ಣಿ ಒಂದೇ ಸಾಲುವುದಿಲ್ಲ, ಈಗಿನ ಮಕ್ಕಳಿಗೆ ಬೇರೆ ಬೇಕು ಅಂತ. ಸೊಸೆಯ ಜೊತೆ ಬಂದಿದ್ದ ಒಬ್ಬರು ಅಜ್ಜಿ ನನ್ನ ಕಡೆ ವಾಲಿ, "ಹಾಗಾದ್ರೆ ನಾವೆಲ್ಲ ಬದುಕಿದ್ದು ಹೇಗೆ ಮಾರಾಯ್ತಿ?" ಅಂದರು. ಊಟ ಮಾತ್ರ ಬಹಳ ಒಳ್ಳೆಯದಿತ್ತು, ಸುಳ್ಳು ಹೇಳುವುದಿಲ್ಲ.

ಹೊರಡುವಾಗ ಚೀಲ ಕೊಟ್ಟರು: ಬಿಬ್, ಬಟ್ಟಲು, ಚಮಚ, ಆರು ತಿಂಗಳ ನಂತರ ಕೊಡುವ ಸೀರಿಯಲ್ ಡಬ್ಬ. ಮಗಳ ಕೈಗೆ ಡಬ್ಬ ಹಿಡಿಸಿ ಫೋಟೋ ತೆಗೆದರು. ಬಸ್ಸಿನಲ್ಲೇ ನಾನದನ್ನು ಬ್ಲಾಗಿಗೆ ಹಾಕಿಯೂ ಆಯ್ತು. ಮನೆಗೆ ಬಂದು ಡಬ್ಬ ತಿರುಗಿಸಿ ನೋಡಿದರೆ, ಎಲ್ಲೂ ಒಂದು ಮಗುವಿನ ಚಿತ್ರ ಇಲ್ಲ! ತಾಯಿಯ ಹಾಲೇ ಮಗುವಿಗೆ ಉತ್ತಮ ಅಂತ ದೊಡ್ಡ ಇಂಗ್ಲಿಷ್ ಅಕ್ಷರದಲ್ಲಿ ಬೇರೆ ಉಂಟು.

ವಿಚಾರಿಸಿದರೆ, ಚಿತ್ರ ಹಾಕುವ ಹಾಗೆಯೇ ಇಲ್ಲ. ಶಿಶು ಆಹಾರ ಮತ್ತು ಹಾಲಿನ ಬಾಟಲಿಯ ಬಗ್ಗೆ 1992ರ ಕಾಯ್ದೆ ಉಂಟು, 2003ರಲ್ಲಿ ತಿದ್ದುಪಡಿ ಮಾಡಿ ಇನ್ನೂ ಬಿಗಿ ಮಾಡಿದ್ದಾರೆ. ಎರಡು ವರ್ಷದೊಳಗಿನ ಮಕ್ಕಳ ಇಂಥ ಆಹಾರಕ್ಕೆ ಜಾಹೀರಾತು ಇಲ್ಲ, ಸ್ಯಾಂಪಲ್ ಹಂಚುವ ಹಾಗಿಲ್ಲ, ಉಡುಗೊರೆ ಕೊಡುವ ಹಾಗಿಲ್ಲ. ಮಾರಾಟ ಹೆಚ್ಚಿಸಲಿಕ್ಕೆ ಅಂತ ಬಸುರಿಯರನ್ನು, ಎಳೆ ಮಗುವಿನ ತಾಯಂದಿರನ್ನು ಸಂಪರ್ಕಿಸುವ ಹಾಗೂ ಇಲ್ಲ. ಡಬ್ಬದ ಮೇಲೆ ಹಾಕಲಿಕ್ಕಾಗದ ಮಗುವಿನ ಮುಖಕ್ಕೆ ನನ್ನ ಮಗಳು ಪುಕ್ಕಟೆ ಸಿಕ್ಕಿದ್ದಳು.

ಫೋಟೋ ತೆಗೆದುಹಾಕಿದೆ. ಮರುದಿನ ಅವರ ಹುಡುಗಿ ಫೋನ್ ಮಾಡಿ "ಲಿಂಕ್ ಕಳಿಸ್ತೀರಾ ಮೇಡಂ" ಅಂದಳು. ವಿಷಯ ಹೇಳಿದೆ. ಪಾಪ, ಅವಳಿಗೂ ಗೊತ್ತಿದ್ದ ಹಾಗೆ ಕಾಣಲಿಲ್ಲ. ಚೀಲ ಕೊರಿಯರ್‌ನಲ್ಲಿ ವಾಪಸ್ ಕಳಿಸಿದೆ. ಚಮಚ ಕಳಿಸಲಿಲ್ಲ, ಮಗಳು ಆಗಲೇ ಅದನ್ನು ಕಚ್ಚಿ ಹಾಳು ಮಾಡಿದ್ದಳು.

ನಿಮ್ಮನ್ನು ಕರೆದವರು ಡಯಾಪರ್, ಆಟದ ಸಾಮಾನು, ಬಟ್ಟೆಯವರಾದರೆ ಈ ಕಾಯ್ದೆಯ ಗೊಡವೆ ಇಲ್ಲ. ಹೊಗಳುವುದು? ಬರೆದುಕೊಟ್ಟು ಒಪ್ಪಿಕೊಂಡಿಲ್ಲವಾದರೆ ಬರೆಯಲೇಬೇಕು ಅಂತ ಏನೂ ಇಲ್ಲ. ಬರೆಯುವುದಾದರೆ ಕರೆದವರು ಯಾರು, ಕೊಟ್ಟದ್ದು ಎಂತ ಅಂತ ಮೊದಲಿಗೇ ಹೇಳಿಬಿಡಿ. ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿ, ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2023ರ ಜನವರಿಯಲ್ಲಿ ಇದನ್ನೇ ಹೇಳಿದ್ದು. ಪುಕ್ಕಟೆ ಪ್ರಯಾಣ, ಹೋಟೆಲ್ ವಾಸ್ತವ್ಯ ಕೂಡ ಲೆಕ್ಕಕ್ಕೆ ಬರ್ತದೆ. ಕನ್ನಡದಲ್ಲಿ ಬರೆದರೆ ಆ ಸಾಲೂ ಕನ್ನಡದಲ್ಲೇ ಇರಲಿ, ಕೊನೆಗೆ ಹ್ಯಾಷ್‌ಟ್ಯಾಗ್ ರಾಶಿಯಲ್ಲಿ ಅಡಗಿಸಬೇಡಿ. ಇದನ್ನೇ ಕಸುಬು ಮಾಡಿಕೊಂಡವರಿಗೆ ಒಂದು ಕಂಪನಿಯಿಂದ ವರ್ಷಕ್ಕೆ 20,000 ರೂಪಾಯಿಗಿಂತ ಹೆಚ್ಚಿನ ಸಾಮಾನು, ಸವಲತ್ತು ಬಂದರೆ ಶೇ. 10 ಟಿಡಿಎಸ್ (ಕೊಡುವವರೇ ಮೊದಲು ಹಿಡಿದುಕೊಳ್ಳುವ ಆದಾಯ ತೆರಿಗೆ) ಕೂಡ ಉಂಟು, 2022ರ ಜುಲೈಯಿಂದ.

ಮಗುವನ್ನು ಕರ್ಕೊಂಡು ಹೋಗಿ, ಅದರ ಫೋಟೋ ಯಾರು ಎಲ್ಲಿ ಹಾಕ್ತಾರೆ ಅಂತ ಬಾಗಿಲಲ್ಲೇ ಕೇಳಿ. ಮತ್ತೆ ಬಸ್ಸಿನಲ್ಲಿ ಹೋಗುವುದಾದರೆ ನಿಮಗೂ ಒಂದು ಜೊತೆ ಬಟ್ಟೆ ಇಟ್ಕೊಳ್ಳಿ.