ಹೊಲಿಗೆ ಬಲ್ಲವಳಿಗೆ ಹೆಲ್ಪರ್ ಕೆಲಸವೇಕೆ?

ಪ್ರಶ್ನೆ: ತಂಗಿಗೆ 19 ವರ್ಷ. ಊರಲ್ಲೇ ಮೂರು ತಿಂಗಳು ತರಬೇತಿ ಪಡೆದು ಬ್ಲೌಸ್, ಚೂಡಿದಾರ್ ಚೆನ್ನಾಗಿ ಹೊಲಿಯುತ್ತಾಳೆ. ಗಾರ್ಮೆಂಟ್ಸ್‌ನಲ್ಲಿ ಟೈಲರ್ ಕೆಲಸ ಕೇಳಿದರೆ ‘ಹೆಲ್ಪರ್ ಆಗಿ ಸೇರಲಿ’ ಎಂದರು. ಕಳಿಸಬಹುದೇ?
– ಓದುಗರು, ಮದ್ದೂರು ತಾಲ್ಲೂಕು

ಉತ್ತರ: ಅಳತೆ ತೆಗೆದು ಬ್ಲೌಸನ್ನು ಪೂರ್ತಿ ಹೊಲಿಯುವುದು ಸ್ವಂತ ಅಂಗಡಿಗೆ ಬೇಕಾದ ವಿದ್ಯೆ. ಗಾರ್ಮೆಂಟ್ಸ್ ಲೈನಿನಲ್ಲಿ ಒಬ್ಬರದು ಕಾಲರ್, ಇನ್ನೊಬ್ಬರದು ಕಫ್, ದಿನವಿಡೀ ಅದೊಂದೇ. ಒಂದು ಪೀಸಿಗೆ 0.6 ನಿಮಿಷ ಎಂದು ಲೆಕ್ಕ ಹಾಕಿದರೆ ಗಂಟೆಗೆ 100 ಪೀಸ್ ಟಾರ್ಗೆಟ್. ಹೊಸಬರಿಗೆ ಅದರ ಅರ್ಧವೂ ಕಷ್ಟ.

ತೊಡಕು ಇರುವುದು ಮಷೀನಿನಲ್ಲಿ. ಗಾರ್ಮೆಂಟ್ಸ್‌ನಲ್ಲಿರುವುದು ಮೋಟಾರಿನಿಂದ ಓಡುವ ಪವರ್ ಮಷೀನ್, ನಿಮಿಷಕ್ಕೆ 4,000ಕ್ಕೂ ಹೆಚ್ಚು ಹೊಲಿಗೆ ಹಾಕಬಲ್ಲದು. ಮನೆಯ ಮಷೀನ್ ತುಳಿದು ರೂಢಿಯಾದವರು ಪೆಡಲನ್ನು ಒಮ್ಮೆಲೇ ಒತ್ತಿಬಿಡುತ್ತಾರೆ, ಹೊಲಿಗೆ ಗೆರೆ ದಾಟಿ ಓಡುತ್ತದೆ. ಪವರ್ ಮಷೀನ್ ಇರುವ ಕಡೆ ಒಂದೆರಡು ವಾರ ಕೂರಿಸಿ. ಮೊದಲು ದಾರವಿಲ್ಲದೆ, ಗೆರೆ ಎಳೆದ ಕಾಗದದ ಮೇಲೆ ಓಡಿಸಲಿ: ನೇರ ಗೆರೆ, ಚೌಕ, ಆಮೇಲೆ ಸುರುಳಿ. ಮೂಲೆ ಬಂದಾಗ ಸೂಜಿ ಕೆಳಗೇ ಇರಬೇಕು. ಬಟ್ಟೆ ಒತ್ತಿಹಿಡಿಯುವ ಫುಟ್ಟನ್ನು ಮಂಡಿಯಿಂದ ಎತ್ತಿ ಕಾಗದ ತಿರುಗಿಸಬೇಕು. ಸೂಜಿಯೂ ಬೇರೆ. ಮನೆ ಮಷೀನಿನ ಸೂಜಿಯ ಬುಡ ಒಂದು ಬದಿ ಚಪ್ಪಟೆ, ಹಾಗಾಗಿ ಸಾಮಾನ್ಯವಾಗಿ ತಪ್ಪಾಗಿ ಕೂರುವುದಿಲ್ಲ. ಪವರ್ ಮಷೀನಿನದು ದುಂಡು. ಸಿಂಗಲ್ ನೀಡಲ್ (ಒಂದೇ ಸೂಜಿಯ) ಮಷೀನಿನಲ್ಲಿ ಸೂಜಿಯ ಮೈಮೇಲಿನ ಉದ್ದನೆಯ ಗೀರು ಎಡಕ್ಕಿರಬೇಕು. ತುಸು ವಾರೆಯಾದರೂ ಹೊಲಿಗೆ ಬಿಟ್ಟುಹೋಗುತ್ತದೆ, ದಾರ ಹರಿಯುತ್ತದೆ.

ಇಷ್ಟು ಕೈಗೆ ಬಂದರೆ ಟ್ರಯಲ್ ಕೇಳಿ ಟೈಲರ್ ಆಗಿಯೇ ಸೇರಲಿ. ಹೆಲ್ಪರ್‌ಗೆ ದಾರ ಕತ್ತರಿಸುವುದು, ಬಂಡಲ್ ಸಾಗಿಸುವುದು. ಮಷೀನ್ ತಾನಾಗಿ ಸಿಗುವುದಿಲ್ಲ. ಹಾಗೆಯೇ ಸೇರಬೇಕಾಗಿ ಬಂದರೆ ಎಷ್ಟು ತಿಂಗಳಿಗೆ ಮಷೀನಿಗೆ ಕೂರಿಸುತ್ತಾರೆ ಎಂಬುದನ್ನು ನೇಮಕಾತಿ ಪತ್ರದಲ್ಲೇ ಬರೆಸಿಕೊಳ್ಳಿ. ಬಾಯಿಮಾತು ಸೂಪರ್‌ವೈಸರ್ ಬದಲಾದ ದಿನವೇ ಮುಗಿಯಿತು.

ಸಂಬಳದ ಚೀಟಿ ಪ್ರತಿ ತಿಂಗಳೂ ಕೈಗೆ ಬರಬೇಕು. ಅದರಲ್ಲಿ ಇಎಸ್‌ಐಗೆ (ನೌಕರರ ಆರೋಗ್ಯ ವಿಮೆ) ಅವಳ ಪಾಲು ಶೇ 0.75, ಪಿಎಫ್‌ಗೆ (ಭವಿಷ್ಯ ನಿಧಿ) ಸಾಮಾನ್ಯವಾಗಿ ಶೇ 12 ಕಡಿತವಾಗಿರುತ್ತದೆ. ಪಿಎಫ್‌ಗೆ ಕಡಿತವಾದದ್ದು ಜಮೆಯಾಗಿದೆಯೇ ಎಂದು ಪಿಎಫ್ ಪಾಸ್‌ಬುಕ್‌ನಲ್ಲಿ ನೋಡಿ. ಟಾರ್ಗೆಟ್ ಮುಗಿದಿಲ್ಲವೆಂದು, ಪಾಳಿ ಮುಗಿಯಿತೆಂದು ಪಂಚ್ ಮಾಡಿಸಿ ಮತ್ತೆ ಕೂರಿಸಿಕೊಂಡರೆ ಅದೂ ಒಟಿಯೇ (ಹೆಚ್ಚುವರಿ ಅವಧಿಯ ದುಡಿಮೆ), ದುಪ್ಪಟ್ಟು ದರ ಕೊಡಬೇಕು. ಬೈಗುಳವನ್ನು ಕೆಲಸದ ಭಾಗವೆಂದು ಒಪ್ಪಬೇಕಿಲ್ಲ. ಲೈಂಗಿಕ ಕಿರುಕುಳವಾದರೆ ಆಂತರಿಕ ಸಮಿತಿಗೆ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬಹುದು. 10 ಅಥವಾ ಹೆಚ್ಚು ಜನ ದುಡಿಯುವ ಕಡೆ ಈ ಸಮಿತಿ ಇರಲೇಬೇಕು.

ಸೇರುವ ದಿನ ಆಧಾರ್‌ನಲ್ಲಿರುವಂತೆಯೇ ಹೆಸರು, ಹುಟ್ಟಿದ ದಿನಾಂಕ ಬರೆಸಿ. ಒಂದಕ್ಷರ ಹೆಚ್ಚುಕಮ್ಮಿಯಾದರೂ ಪಿಎಫ್ ಬಿಡಿಸುವಾಗ ಅಲೆದಾಟ ತಪ್ಪಿದ್ದಲ್ಲ.