ಆಕ್ಯುಪೇಷನಲ್ ಥೆರಪಿಸ್ಟ್ ಏನು ಮಾಡ್ತಾರೆ? ಅದಕ್ಕೆ ಏನು ಓದಬೇಕು?

ಕಾಯಿಲೆ, ಪೆಟ್ಟು ಅಥವಾ ಹುಟ್ಟಿನಿಂದ ಬಂದ ತೊಂದರೆಯಿಂದ ದಿನನಿತ್ಯದ ಕೆಲಸ ಕಷ್ಟವಾದವರಿಗೆ, ಅದನ್ನು ತಾವೇ ಮಾಡಿಕೊಳ್ಳಲು ಕಲಿಸುತ್ತಾರೆ. ಮಡಿಕೇರಿ ಕಡೆಯ ತೋಟದ ಕೆಲಸದವರೊಬ್ಬರಿಗೆ ಸ್ಟ್ರೋಕ್ ಆಗಿ ಬಲಗೈ ಸೋತಿದೆ ಅಂದುಕೊಳ್ಳಿ. ಸುಮ್ನೆ ಕೈ ಎತ್ತಿ ಇಳಿಸಿದರೆ ಸಾಲದು. ಶರ್ಟಿನ ಗುಂಡಿ ಹಾಕೋದು, ಅಕ್ಕಿರೊಟ್ಟಿ ಮುರಿಯೋದು, ಕಾಫಿ ಕೊಯ್ಯೋದು ಇವನ್ನೇ ಮತ್ತೆ ಮತ್ತೆ ಮಾಡಿಸುತ್ತಾರೆ. ಬೇಕಾದ ಕೆಲಸವನ್ನೇ ಮಾಡ್ತಾ ಹೋದರೆ ಮಿದುಳಿನ ಪೆಟ್ಟಾಗದ ಭಾಗ ಅದನ್ನು ನಿಧಾನಕ್ಕೆ ಕಲಿಯುತ್ತದೆ. ಶಕ್ತಿ ಪೂರ್ತಿ ವಾಪಸ್ ಬರದಿದ್ದರೆ ದಪ್ಪ ಹಿಡಿಯ ಚಮಚ, ಬಚ್ಚಲ ಗೋಡೆಗೆ ಹಿಡಿಕೆ. ಮನೆಗೇ ಬಂದು ನೋಡಿದರೆ ಇನ್ನೂ ಒಳ್ಳೆಯದು, ಮಳೆಗಾಲದಲ್ಲಿ ನಮ್ಮ ಅಂಗಳ ಎಷ್ಟು ಜಾರುತ್ತೆ ಅಲ್ವಾ!

ಈ ಕೆಲಸಕ್ಕೆ ಪಿಯುಸಿಯಲ್ಲಿ ಬಯಾಲಜಿ ಇರುವ ಸೈನ್ಸ್, ಆಮೇಲೆ ಇಂಟರ್ನ್‌ಶಿಪ್ ಸೇರಿದ ಬಿಓಟಿ (ಬ್ಯಾಚುಲರ್ ಆಫ್ ಆಕ್ಯುಪೇಷನಲ್ ಥೆರಪಿ) ಪದವಿ ಬೇಕು. ತಾಳ್ಮೆಯಂತೂ ಬೇಕೇ ಬೇಕು. ಮಣಿಪಾಲದಲ್ಲಿ ಈ ಕೋರ್ಸ್ ಇದೆ.