ಬಾನೆಟ್ ಎತ್ತಿ ನೋಡೋಣ: ಬ್ಯಾಟರಿ ಹೊಸದು, ಆದರೂ 'ಟಕ್' ಅನ್ನುವುದು ಬಿಟ್ಟಿಲ್ಲ

ಪ್ರಶ್ನೆ: ನನ್ನದು 2001ರ ಮಾರುತಿ 800. ದೀಪಾವಳಿಗೆ ಮುಂಚೆ ಕ್ಲಚ್ ಕೆಲಸ ಮಾಡಿಸಿ, ಒಳಗೂ ಹೊರಗೂ ಪೇಂಟ್ ಹೊಡೆಸಿದೆ. ಆಮೇಲಿಂದ ಸೆಲ್ಫ್ ಹೊಡೆದರೆ ಒಮ್ಮೊಮ್ಮೆ ಬರೀ 'ಟಕ್' ಅನ್ನುತ್ತದೆ. ಹೊಸ ಬ್ಯಾಟರಿ ಹಾಕಿಸಿದೆ, ಸೆಲ್ಫ್ ಮೋಟಾರ್ ಬಿಚ್ಚಿಸಿ ರಿಪೇರಿ ಮಾಡಿಸಿದೆ. ಅರ್ಥ್ ನೋಡಿ ಅಂದರೆ ಮೆಕ್ಯಾನಿಕ್ ಮೀಟರ್ ಹಿಡಿದು 'ಬೀಪ್' ಅನ್ನಿಸಿ ತೋರಿಸಿದ. ಮೊನ್ನೆ ಎಕ್ಸಿಲೇಟರ್ ಕೇಬಲ್ ಬೇರೆ ಬಿಗಿಯಾಗಿದೆ. ಗಾಡಿ ಮಾರಿಬಿಡಲೇ?
— ನಿವೃತ್ತ ಶಿಕ್ಷಕರೊಬ್ಬರು, ಜಮಖಂಡಿ

ಉತ್ತರ: ಮಾರಬೇಡಿ ಮಾಸ್ತರ್. ರೋಗ ಯಾವುದು ಅನ್ನುವುದು ನಿಮ್ಮ ಪತ್ರದ ಕೊನೆಗೆ ಬರುವ ಎಕ್ಸಿಲೇಟರ್ ಕೇಬಲ್ಲಿನ ಸಾಲಿನಲ್ಲೇ ಇದೆ. ಅದನ್ನು ನೀವು ಬೇರೆ ಕಾಯಿಲೆ ಅಂದುಕೊಂಡಿದ್ದೀರಿ, ಅಷ್ಟೇ.

ವಿಜಯಪುರದಲ್ಲಿ ನಾನು ಅಂಗಡಿ ಹಾಕಿದ ಹೊಸದರಲ್ಲಿ ತಿಕೋಟಾ ಕಡೆಯಿಂದ ಒಣದ್ರಾಕ್ಷಿ ತುಂಬಿಕೊಂಡು ಒಂದು ಪೆಟ್ರೋಲ್ ವ್ಯಾನ್ ಬಂತು. ಮೇ ತಿಂಗಳ ಮಧ್ಯಾಹ್ನ. ಡ್ರೈವರ್ ಸೆಲ್ಫ್ ಹೊಡೆಯುತ್ತಿದ್ದ, ನಾನು ಎಂಜಿನ್ ಕಡೆ ಬಗ್ಗಿದ್ದೆ. ಎಕ್ಸಿಲೇಟರ್ ಕೇಬಲ್ಲಿನ ಪ್ಲಾಸ್ಟಿಕ್ ಹೊದಿಕೆ ಸಣ್ಣಗೆ ಹೊಗೆಯಾಡಿತು. ಏನಿದು ಅಂತ ಮುಟ್ಟಿದೆ. ಎಡಗೈ ಹೆಬ್ಬೆರಳ ಮೇಲೆ ಆ ಗೆರೆ ಇನ್ನೂ ಇದೆ.

ಆಗಿದ್ದಿಷ್ಟು. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ರಬ್ಬರಿನಲ್ಲಿ ಕರೆಂಟ್ ಹರಿಯಲ್ಲ ಅಲ್ವಾ? ಅದಕ್ಕೇ ಎಂಜಿನ್ನಿಗೆ ಅಥವಾ ಗೇರ್‌ಬಾಕ್ಸಿಗೆ ಒಂದು ದಪ್ಪ ಅರ್ಥ್ ವೈರ್ ಕೊಟ್ಟಿರುತ್ತಾರೆ. ಕೆಲವು ಗಾಡಿಯಲ್ಲಿ ಅದು ಜಡೆಯ ಹಾಗೆ ಹೆಣೆದ ತಾಮ್ರದ ಪಟ್ಟಿ. ಬ್ಯಾಟರಿ ಪ್ಲಸ್‌ನಿಂದ ಸೆಲ್ಫ್‌ಗೆ ಹೋದ ಕರೆಂಟು ಈ ದಾರಿಯಲ್ಲೇ ಮೈನಸ್‌ಗೆ ವಾಪಸ್ ಬರಬೇಕು. ಈ ದಾರಿ ಕೆಟ್ಟರೆ ಎಂಜಿನ್ನನ್ನೂ ಬಾಡಿಯನ್ನೂ ಮುಟ್ಟುವ ಇನ್ಯಾವುದೋ ಲೋಹದ ತಂತಿ ಹಿಡಿದು ಬರುತ್ತದೆ. ಎಕ್ಸಿಲೇಟರ್ ಕೇಬಲ್, ಕ್ಲಚ್ ಕೇಬಲ್, ಚೋಕ್ ಕೇಬಲ್, ಸಿಕ್ಕಿದ್ದು. ಪಾಪ, ಆ ಸಣ್ಣ ತಂತಿ ನೂರು ಆಂಪಿಯರ್ ಎಲ್ಲಿಂದ ತಡೆದೀತು? ಕಾಯುತ್ತದೆ, ಒಳಗಿನ ಪ್ಲಾಸ್ಟಿಕ್ ಕರಗಿ ಕಚ್ಚಿಕೊಳ್ಳುತ್ತದೆ. ನಿಮ್ಮ ಕೇಬಲ್ ಬಿಗಿಯಾಗಿದ್ದು ಹೀಗೇ ಇರಬೇಕು.

ಕ್ಲಚ್ ಕೆಲಸಕ್ಕೆ ಗೇರ್‌ಬಾಕ್ಸ್ ಇಳಿಸಲೇಬೇಕು, ಇಳಿಸುವಾಗ ಅರ್ಥ್ ವೈರ್ ಬಿಚ್ಚಲೇಬೇಕು. ಆಮೇಲೆ ಹಾಕುವುದು ಮರೆತಿರಬಹುದು, ಇಲ್ಲವೇ ಪೇಂಟ್ ಮೇಲೆಯೇ ಬೋಲ್ಟ್ ಬಿಗಿದಿರಬಹುದು. ಬಾಡಿ ಮಿರಿಮಿರಿ ಮಿಂಚುತ್ತದೆ, ನಿಜ. ಆದರೆ ಲಗ್ (ವೈರಿನ ತುದಿಯ ಲೋಹದ ಬಳೆ) ಕೆಳಗೆ ಪೇಂಟ್ ಇದ್ದರೆ ಅದು ಅರ್ಥ್ ಅಲ್ಲ, ಅಲಂಕಾರ.

ಇನ್ನು ಆ 'ಬೀಪ್'. ನಮ್ಮ ಹುಡುಗರಿಗೆ ಈ ಬೀಪ್ ಮೇಲೆ ವಿಪರೀತ ನಂಬಿಕೆ. ನೂರು ಎಳೆಯಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರ್ ಬೀಪ್ ಅನ್ನುತ್ತದೆ, ಯಾಕೆಂದರೆ ಮೀಟರ್ ಹರಿಸುವುದು ಎಲ್ಲೋ ಒಂದೆರಡು ಮಿಲಿ ಆಂಪಿಯರ್. ಸೆಲ್ಫ್ ಎಳೆಯುವುದು ನೂರರ ಲೆಕ್ಕದಲ್ಲಿ. ಒಂದು ಓಮಿನ ನೂರನೇ ಒಂದು ಪಾಲು ಅಡ್ಡಿ ಇದ್ದರೂ ಸಾಕು, ನೂರು ಆಂಪಿಯರಿಗೆ ಪೂರ್ತಿ ಒಂದು ವೋಲ್ಟ್ ಅಲ್ಲೇ ಖರ್ಚಾಗುತ್ತದೆ. ಹಾಗಾಗಿ ಅರ್ಥಿಂಗ್ ನೋಡಬೇಕಾದ್ದು ಕೆಲಸ ನಡೆಯುವಾಗಲೇ.

ಮೀಟರನ್ನು 20 ವೋಲ್ಟ್ ಡಿಸಿಗೆ ಇಡಿ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಮೇಲಕ್ಕೆ. ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್ ಕಂಬದ ಮೇಲೆ. ಕ್ಲಾಂಪ್ ಮೇಲಲ್ಲ, ಸೀಸದ ಕಂಬದ ಮೇಲೇ. ಕೆಂಪು ಕಡ್ಡಿ ಎಂಜಿನ್ನಿನ ಶುಭ್ರವಾದ ಲೋಹದ ಮೇಲೆ. ಮೊಮ್ಮಗನಿಗೆ ಮೂರು ಸೆಕೆಂಡ್ ಸೆಲ್ಫ್ ಹೊಡೆಯಲು ಹೇಳಿ. 0.2 ವೋಲ್ಟ್ ಒಳಗೆ ಬಂದರೆ ಅರ್ಥ್ ಚೆನ್ನಾಗಿದೆ. ಅರ್ಧ ವೋಲ್ಟ್ ದಾಟಿತೋ, ಕಳ್ಳ ಸಿಕ್ಕ. ಈಗ ಕೆಂಪು ಕಡ್ಡಿಯನ್ನು ಒಂದೊಂದೇ ಹೆಜ್ಜೆ ಹಿಂದೆ ತನ್ನಿ: ಎಂಜಿನ್ ಬಿಟ್ಟು ಬಾಡಿಯ ಮೇಲೆ, ಆಮೇಲೆ ಬ್ಯಾಟರಿ ಮೈನಸ್ ವೈರಿನ ಲಗ್ ಮೇಲೆ, ಆಮೇಲೆ ಕ್ಲಾಂಪ್ ಮೇಲೆ. ಪ್ರತಿ ಸಲ ಸೆಲ್ಫ್ ಹೊಡೆಸಿ. ಎಲ್ಲಿ ರೀಡಿಂಗ್ ದಿಢೀರನೆ ಇಳಿಯಿತೋ, ಅದಕ್ಕೂ ಹಿಂದಿನ ಜಾಗಕ್ಕೂ ನಡುವೆ ತೊಂದರೆ.

ಮೀಟರ್ ಇಲ್ಲವೇ? ಜಂಪ್ ಕೇಬಲ್ ಇದ್ದರೆ ಒಂದು ತುದಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ನೇರ ಎಂಜಿನ್ನಿಗೆ ಹಚ್ಚಿ. ಸೆಲ್ಫ್ ಗಕ್ಕನೆ ತಿರುಗಿದರೆ ನಿಮ್ಮ ಹೊಸ ಬ್ಯಾಟರಿಯ ದುಡ್ಡು ಸುಮ್ನೆ ಹೋಯಿತು ಅಂತ ಅರ್ಥ. ಹೀಗೆ ಹೇಳುವುದಕ್ಕೆ ನನಗೂ ಸಂಕಟವೇ.

ರಿಪೇರಿ ದೊಡ್ಡದಲ್ಲ. ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿ. ಪ್ಲಸ್ ಮೊದಲು ಬಿಚ್ಚಲು ಹೋಗಿ ಪಾನಾ ಬಾಡಿಗೆ ತಾಗಿದರೆ ಕಿಡಿ ಹಾರುತ್ತದೆ. ಲಗ್ ಕೂರುವ ಜಾಗವನ್ನು ಎಮರಿ ಪೇಪರಿನಿಂದ ಬೆಳ್ಳಗಾಗುವ ತನಕ ತಿಕ್ಕಿ. ಬೋಲ್ಟ್ ಬಿಗಿದ ಮೇಲೆ ಮೇಲಿಂದ ಗ್ರೀಸ್ ಸವರಿ. ವೈರ್ ಹಸಿರುಗಟ್ಟಿದ್ದರೆ ಹೊಸದೇ ಹಾಕಿಸಿ, ಹಳೆಯದರಷ್ಟೇ ದಪ್ಪದ್ದು. ಎಕ್ಸಿಲೇಟರ್ ಕೇಬಲ್ ಮಾತ್ರ ಇವತ್ತೇ ಬದಲಿಸಿ. ರಸ್ತೆಯಲ್ಲಿ ಅದು ಒತ್ತಿದ ಹಾಗೇ ಕಚ್ಚಿಕೊಂಡರೆ ಕಷ್ಟ.

ಪ್ರಶ್ನೆ: ನಮ್ಮ ಹಳೆ ಓಮ್ನಿಯಲ್ಲಿ ಬಲಗಡೆ ಇಂಡಿಕೇಟರ್ ಹಾಕಿದರೆ ಹಿಂದಿನ ಕೆಂಪು ಲೈಟೂ ಜೊತೆಗೇ ಮಿನುಗುತ್ತದೆ. ಹಿಂದಿನವರು ನಗುತ್ತಾರೆ.
— ಓದುಗರು, ಇಂಡಿ

ಉತ್ತರ: ಸಂಕ್ರಾಂತಿಗೆ ನಮ್ಮೂರ ಸಿದ್ಧೇಶ್ವರ ಜಾತ್ರೆಗೆ ಬಂದಿದ್ದೀರಾ? ದೊಡ್ಡ ರಸ್ತೆ ಬಂದ್ ಮಾಡಿದರೆ ಜನ ಮನೆಗೆ ಹೋಗುವುದು ಬಿಡುತ್ತಾರೆಯೇ? ಸಂದಿಗೊಂದಿಯಲ್ಲಿ ನುಗ್ಗುತ್ತಾರೆ. ನಿಮ್ಮ ಗಾಡಿಯಲ್ಲೂ ಅದೇ. ಬಲಗಡೆ ಲೈಟಿನ ಬಲ್ಬುಗಳಿಗೆಲ್ಲ ಸೇರಿ ಒಂದೇ ಅರ್ಥ್ ವೈರ್. ಅದು ತುಕ್ಕು ಹಿಡಿದಾಗ ಇಂಡಿಕೇಟರಿನ ಕರೆಂಟು ಪಕ್ಕದ ಟೇಲ್ ಲೈಟಿನ ಫಿಲಮೆಂಟಿನೊಳಗೆ ತಿರುಗಾ ಮುರುಗಾ ಹರಿದು, ಎಡಗಡೆ ಲೈಟಿನ ಅರ್ಥ್ ಹುಡುಕಿಕೊಂಡು ಹೋಗುತ್ತದೆ. ಹೋಲ್ಡರಿನಿಂದ ಬಾಡಿಯ ಶುಭ್ರ ಲೋಹಕ್ಕೆ ಒಂದು ಹೊಸ ವೈರ್ ಕೊಡಿಸಿ. ಹಾಗೇ ಬಲ್ಬನ್ನೂ ನೋಡಿ. ಎರಡು ಫಿಲಮೆಂಟಿನ 21/5 ವ್ಯಾಟ್ ಬಲ್ಬಿನ ಜಾಗದಲ್ಲಿ ಯಾರೋ ಒಂದೇ ಫಿಲಮೆಂಟಿನದನ್ನು ತುರುಕಿದ್ದರೂ ಇಂಥ ಆಟ ಆಗುತ್ತದೆ.

ಪ್ರಶ್ನೆ: ಹೆಡ್‌ಲೈಟ್ ಹಾಕಿದ ಕೂಡಲೇ ಜೀಪಿನ ಟೆಂಪರೇಚರ್ ಮುಳ್ಳು ಮೇಲೇರುತ್ತದೆ. ರೇಡಿಯೇಟರ್ ಬದಲಿಸಲು ಹೇಳುತ್ತಿದ್ದಾರೆ.
— ಓದುಗರು, ಖಾನಾಪುರ

ಉತ್ತರ: ಲೈಟ್ ಆರಿಸಿ ನೋಡಿ. ಮುಳ್ಳು ತಕ್ಷಣ ಇಳಿಯಿತೇ? ಹಾಗಾದರೆ ಎಂಜಿನ್ ಕಾದಿಲ್ಲ. ಕಾದ ಕಬ್ಬಿಣ ಸ್ವಿಚ್ ಒತ್ತಿದರೆ ತಣ್ಣಗಾಗುವುದಿಲ್ಲ. ನಿಮ್ಮ ಕಡೆ ಮಳೆ ಜಾಸ್ತಿ, ಅರ್ಥ್ ತುಕ್ಕು ಹಿಡಿದು ಮುಳ್ಳು ಸುಳ್ಳು ಹೇಳುತ್ತಿರಬೇಕು. ಡ್ಯಾಶ್‌ಬೋರ್ಡಿನ ಹಿಂದಿನ ಅರ್ಥ್ ಮತ್ತು ಬಾಡಿ–ಎಂಜಿನ್ ಅರ್ಥ್ ಎರಡನ್ನೂ ಬಿಚ್ಚಿ, ತಿಕ್ಕಿ, ಮತ್ತೆ ಬಿಗಿಯಿರಿ. ರೇಡಿಯೇಟರ್ ನೀರನ್ನೂ ಒಮ್ಮೆ ನೋಡಿಕೊಳ್ಳಿ. ಎಂಜಿನ್ ತಣ್ಣಗಿದ್ದಾಗ ಮಾತ್ರ ಮುಚ್ಚಳ ತೆಗೆಯಿರಿ.

ಪ್ರಶ್ನೆ: ಹಾರ್ನಿನ 10 ಆಂಪಿಯರ್ ಫ್ಯೂಸ್ ಪದೇ ಪದೇ ಹೋಗುತ್ತದೆ. 20ರದು ಹಾಕಲೇ?
— ಓದುಗರು, ಇಳಕಲ್

ಉತ್ತರ: ಬೇಡ. ಫ್ಯೂಸ್ ಸುಡದಿದ್ದರೆ ವೈರ್ ಸುಡುತ್ತದೆ. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತುವ ಬುದ್ಧಿವಂತರ ಗಾಡಿಗಳು ನನ್ನ ಅಂಗಡಿಗೆ ಎಳೆದುಕೊಂಡೇ ಬರುತ್ತವೆ.

ಹೀಗೆ ಮಾಡಿ. ಫ್ಯೂಸ್ ತೆಗೆದು ಅದರ ಎರಡು ಕಾಲಿನ ಜಾಗಕ್ಕೆ 21 ವ್ಯಾಟಿನ ಬಲ್ಬೊಂದನ್ನು ವೈರ್ ಸಮೇತ ಸಿಕ್ಕಿಸಿ. ಹಾರ್ನಿನ ವೈರ್ ಕಳಚಿಡಿ, ಆ ತುದಿ ಬಾಡಿಗೆ ತಾಗದಿರಲಿ. ಆ ಫ್ಯೂಸಿಗೆ ಸೇರಿದ ಬೇರೇನಾದರೂ ಇದ್ದರೆ ಅದನ್ನೂ ಆರಿಸಿ. ಈಗ ಒಬ್ಬರು ಹಾರ್ನ್ ಬಟನ್ ಒತ್ತಿ ಹಿಡಿಯಲಿ. ಬಲ್ಬ್ ಜೋರಾಗಿ ಉರಿದರೆ ಎಲ್ಲೋ ಶಾರ್ಟ್ ಇದೆ. ನೀವು ವೈರನ್ನು ಸ್ಟೇರಿಂಗ್ ಕೆಳಗಿಂದ ಮುಂದಿನ ಗ್ರಿಲ್ ತನಕ ಅಲ್ಲಾಡಿಸುತ್ತಾ ಹೋಗಿ. ಬಲ್ಬ್ ಯಾವ ಜಾಗದಲ್ಲಿ ಆರಿತೋ, ಅಲ್ಲಿ ಟೇಪ್ ಬಿಚ್ಚಿ ನೋಡಿ.